ಪಂಪು ಹಿಡಿಯಲು ಮನೆಮಂದಿಗೆಲ್ಲ ಬರಬೇಕು

ದೀಪಾವಳಿ ಮುಗಿಯುತ್ತಿದ್ದಂತೆ ಹಂಸಭಾವಿ ಸುತ್ತ ಗೋವಿನಜೋಳದ ಒಕ್ಕಣೆ ಜೋರಾಗುತ್ತದೆ. ಮಷೀನು ತಿರುಗಿದರೆ ಹೊಟ್ಟು, ಧೂಳು ಓಣಿಗೆಲ್ಲ. ಊರಿಗೆ ಸುಗ್ಗಿ, ನನ್ನ ಮಗನಿಗೆ ಉಬ್ಬಸ. ಕೂಸಿದ್ದಾಗ ಮೊಣಕೈ ಮಡಿಕೆಯಲ್ಲಿ ತುರಿಕೆ ಇತ್ತು. ಆಮೇಲೆ ಬೆಳಗಾದರೆ ಸಾಲು ಸೀನು. ಶಾಲೆಗೆ ಹೋಗುವ ಹೊತ್ತಿಗೆ ಎದೆಯಲ್ಲಿ ಸುಂಯ್ ಸದ್ದು. ಅಲರ್ಜಿ ಇರುವ ಎಷ್ಟೋ ಮಕ್ಕಳಲ್ಲಿ ಕಾಯಿಲೆ ಹೀಗೇ ಚರ್ಮದಿಂದ ಮೂಗಿಗೆ, ಮೂಗಿನಿಂದ ಎದೆಗೆ ಇಳಿಯುತ್ತದಂತೆ.

ಕೆಮ್ಮು ಅವನದು, ಪ್ರಶ್ನೆಗಳೆಲ್ಲ ನನಗೆ. "ತಣ್ಣಂದೇನ್ ತಿನ್ನಿಸಿದ್ದಿ?" "ಬಸುರಿದ್ದಾಗ ಪಥ್ಯ ಮಾಡ್ಲಿಲ್ಲೇನು?" ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗಿಸು ಎಂದವರೂ ಇದ್ದಾರೆ. ರಾತ್ರಿಯೆಲ್ಲ ಮಗುವನ್ನು ತೊಡೆಮೇಲೆ ಕೂರಿಸಿಕೊಂಡು ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತರೆ ಕಣ್ಣು ಮುಚ್ಚಿ ಬರುತ್ತದೆ. ಲಗ್ನದ ಸೀಸನ್ನಿನ ಬ್ಲೌಸುಗಳು ಬೇರೆ ಟೇಲರ್ ಕೈಗೆ ಹೋಗುತ್ತವೆ. ದೊಡ್ಡ ಮಗಳು ಒಮ್ಮೆ, "ನಂಗೂ ಕೆಮ್ಮು ಬಂದಿದ್ರ ನನ್ನ ಹತ್ರಾನೂ ಕೂಡ್ತಿದ್ದಿ" ಅಂದಳು. ಅದಕ್ಕೆ ಔಷಧಿ ಯಾರೂ ಬರೆದುಕೊಡಲಿಲ್ಲ.

ನಿರುಪದ್ರವಿ ವಸ್ತುವನ್ನೇ ದೇಹ ವೈರಿ ಎಂದುಕೊಂಡು ತಿರುಗಿಬೀಳುವುದೇ ಅಲರ್ಜಿ. ಆಗ ಶ್ವಾಸನಾಳದ ಒಳಪದರ ಬಾತು ದಾರಿ ಕಿರಿದಾಗುತ್ತದೆ. ನಮ್ಮ ಕಡೆ ಧೂಳಿನ ಜೊತೆಗೆ ಕಾಂಗ್ರೆಸ್ ಕಸವೂ ಇದೆ. 1950ರ ದಶಕದಲ್ಲಿ ಪುಣೆ ಸುತ್ತ ಕಣ್ಣಿಗೆ ಬಿದ್ದ ಈ ಕಳೆ ಈಗ ನಮ್ಮ ಬದುಗಳ ಮೇಲೂ ಬೆಳೆಯುತ್ತದೆ. ಇದರ ಪರಾಗ ಮೂಗು, ಚರ್ಮ ಎರಡನ್ನೂ ಕೆಣಕುತ್ತದೆ. ಮನೆಯೊಳಗಿನ ಕಾಟ ಧೂಳುಹುಳುಗಳದು. ಬರಿಗಣ್ಣಿಗೆ ಕಾಣದ ಇವು ಹಾಸಿಗೆ, ದಿಂಬು, ಕೌದಿಯಲ್ಲಿ ಉದುರಿದ ಚರ್ಮದ ಪುಡಿ ತಿಂದು ಬದುಕುತ್ತವೆ. ಮೊಮ್ಮಗನಿಗೆಂದೇ ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಅತ್ತೆ ಹೊಲಿದ ಕೌದಿಯನ್ನು ತೆಗೆದಿಡಬೇಕಾದಾಗ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಈಗ ಅವನಿಗೆ ತೆಳು ಚಾದರ. ವಾರಕ್ಕೊಮ್ಮೆ ಕುದಿನೀರಿಗೆ ಹಾಕಿ ಒಗೆಯುತ್ತೇನೆ. 55 ಡಿಗ್ರಿಗಿಂತ ಬಿಸಿ ಇದ್ದರೆ ಹುಳು ಸಾಯುತ್ತವೆ.

"ಪಂಪು ಚಟ ಆಗ್ತದ" ಎಂಬ ಭಯ ಊರಲ್ಲೆಲ್ಲ ಇದೆ. ಪಂಪು ಅಂದರೆ ಇನ್ಹೇಲರ್; ಅದು ಚಟ ಹಿಡಿಸುವುದಿಲ್ಲ. ಸಾಲ್ಬುಟಮಾಲ್ ಉಬ್ಬಸ ಬಂದಾಗ ನಾಳವನ್ನು ಸಡಿಲಿಸುತ್ತದೆ. ದಿನವೂ ಎಳೆಯುವ ಸ್ಟಿರಾಯ್ಡ್ ಬಾವು ಏಳದಂತೆ ತಡೆಯುತ್ತದೆ. ಅದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ, ಎಳೆದ ಮೇಲೆ ಬಾಯಿ ಮುಕ್ಕಳಿಸಿದರಾಯಿತು. ಸಣ್ಣ ಮಕ್ಕಳಿಗೆ ಪಂಪಿಗೂ ಬಾಯಿಗೂ ನಡುವೆ ಔಷಧಿ ಹಿಡಿದಿಡುವ ಕೊಳವೆ, ಅಂದರೆ ಸ್ಪೇಸರ್, ಬೇಕು. ಅದಿಲ್ಲದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಸರಿಯಾಗಿ ಸಜ್ಜುಗೊಳಿಸಿದರೆ ಅದೂ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ತೋರಿಸಿದ್ದಾರೆ.

ನಮ್ಮ ಮನೆಯ ಹದ ಬದಲಾದದ್ದು ಡಾಕ್ಟರು, "ಮುಂದಿನ ಸಲ ಅಪ್ಪನೇ ಕರ್ಕೊಂಡು ಬರ್ಲಿ" ಎಂದ ಮೇಲೆ. ಪಂಪು ಅಲುಗಿಸಿ, ಒತ್ತಿ, ಮಗನ ಉಸಿರು ಎಣಿಸುವುದನ್ನು ಯಜಮಾನರು ಅಲ್ಲೇ ಕಲಿತರು. ನೋಡಿ ನೋಡಿ ಅತ್ತೆಗೂ ಬಂತು. ಈಗ ಒಂದು ರಾತ್ರಿ ನಾನು, ಒಂದು ರಾತ್ರಿ ಯಜಮಾನರು. ಶಾಲೆಯ ಟೀಚರಿಗೂ ಒಂದು ಚೀಟಿ ಬರೆದುಕೊಟ್ಟಿದ್ದೇವೆ: ಮಾತು ಪೂರ್ತಿ ಆಡಲಾಗದಿದ್ದರೆ, ಪಕ್ಕೆಲುಬಿನ ಸಂದು ಒಳಸೆಳೆದರೆ, ತುಟಿ ನೀಲಿಯಾದರೆ ಪಂಪು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ, ಅಮ್ಮ ಬರಲೆಂದು ಕಾಯಬೇಡಿ.