ವಿಡಿಯೋ ಆಟಗಳು: ಗುಣದೋಷ ವಿವೇಚನೆ

ಕ್ರೀಡೆಯು ಮನುಷ್ಯನಿಗೆ ಸಹಜವಾದುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಹಿಂದೆ ಮನೆಯ ಜಗುಲಿಯೇ ಆಟದ ರಂಗವಾಗಿತ್ತು. ಇಪ್ಪತ್ತೈದು ಮನೆಗಳ ಚೌಕಾಬಾರ, ಹದಿನಾಲ್ಕು ಗುಳಿಗಳ ಅಳಗುಳಿಮಣೆ ಆಬಾಲವೃದ್ಧರನ್ನು ಒಂದೆಡೆ ಕೂಡಿಸುತ್ತಿದ್ದವು. ಕಾಯಿಗಳೆಲ್ಲ ಹಣ್ಣಾದೊಡನೆ ಆಟ ಮುಗಿಯುತ್ತಿತ್ತು; ಆಡಿದವರು ಎದ್ದು ತಮ್ಮ ಕೆಲಸಕ್ಕೆ ತೆರಳುತ್ತಿದ್ದರು. ಇಂದು ಆ ರಂಗವು ಅಂಗೈಯಗಲದ ಮೊಬೈಲ್ ಫೋನಿನೊಳಗೆ ಸೇರಿದೆ.

ಈ ವಿಡಿಯೋ ಆಟಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಇವೆಲ್ಲವೂ ವಿದ್ಯೆಗೆ ವಿಘ್ನ, ಆದುದರಿಂದ ತ್ಯಾಜ್ಯ ಎಂಬುದೊಂದು. ಇದು ಕಾಲಧರ್ಮ, ತಡೆಯಲಾಗದು ಎಂಬುದು ಮತ್ತೊಂದು. ಎರಡರಲ್ಲಿಯೂ ವಿವೇಚನೆ ಸಾಲದು. ಗ್ರಂಥಗಳೆಲ್ಲವೂ ಒಂದೇ ತೂಕದವಲ್ಲದಂತೆ ಆಟಗಳೂ ಒಂದೇ ತೂಕದವಲ್ಲ. ಗ್ರಂಥದ ತಾತ್ಪರ್ಯನಿರ್ಣಯಕ್ಕೆ ಪೂರ್ವಿಕರು ಹೇಳಿದ ಲಿಂಗಗಳಲ್ಲಿ ಬರುವ ಉಪಸಂಹಾರ, ಅಭ್ಯಾಸ, ಫಲ ಎಂಬ ಮೂರು ಮಾತುಗಳು ಇಲ್ಲಿಯೂ ಒದಗುತ್ತವೆ. ಆಟವು ಎಲ್ಲಿ ಮುಗಿಯುತ್ತದೆ? ಆಡುವವನಿಂದ ಏನನ್ನು ಮತ್ತೆ ಮತ್ತೆ ಮಾಡಿಸುತ್ತದೆ? ಮುಗಿದ ಮೇಲೆ ಅವನಲ್ಲಿ ಉಳಿಯುವುದೇನು?

1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿತ್ನೋವ್ ರಚಿಸಿದ 'ಟೆಟ್ರಿಸ್' ಆಟದಲ್ಲಿ ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ಆಕೃತಿಗಳು ಮೇಲಿನಿಂದ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಹೊಂದಿಸಿ, ಸಾಲು ತುಂಬಿಸಿದರೆ ಆ ಸಾಲು ಅಳಿಯುತ್ತದೆ. ಆಕಾರಜ್ಞಾನವೂ ಶೀಘ್ರನಿರ್ಣಯವೂ ಇಲ್ಲಿನ ಅಭ್ಯಾಸ. ಸೋಲುವವರೆಗೂ ಆಡುತ್ತಲೇ ಇರಬೇಕಾಗಿರುವುದು ಇದರ ದೋಷ.

ಸ್ವೀಡನ್ ದೇಶದಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪ ಪಡೆದ 'ಮೈನ್‌ಕ್ರಾಫ್ಟ್'ನಲ್ಲಿ ಬಾಲಕನು ಕಲ್ಲುಮಣ್ಣಿನ ಘನಗಳನ್ನು ಅಗೆದು ತಂದು ಮನೆ, ಸೇತುವೆ, ಕೋಟೆಗಳನ್ನು ಕಟ್ಟುತ್ತಾನೆ. ನಿರ್ಮಾಣವೇ ಇಲ್ಲಿನ ಅಭ್ಯಾಸವಾದುದರಿಂದ ಹಲವು ದೇಶಗಳ ಶಾಲೆಗಳು ಇದನ್ನು ಪಾಠಕ್ಕೂ ಬಳಸಿಕೊಂಡಿವೆ. ಆದರೆ ಕಟ್ಟುವುದಕ್ಕೆ ಕೊನೆಯಿಲ್ಲ. ಕಾಲಮಿತಿಯನ್ನು ಹಿರಿಯರೇ ವಿಧಿಸಬೇಕು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯವರು 2020ರಲ್ಲಿ ಹೊರತಂದ 'ರಾಜಿ'ಯು, ಅಸುರರು ಅಪಹರಿಸಿದ ತಮ್ಮನನ್ನು ಅರಸಿ ಹೊರಡುವ ಬಾಲೆಯೊಬ್ಬಳ ಕಥೆ. ವಿಮರ್ಶಕರು ಅದರ ದೃಶ್ಯವೈಭವವನ್ನು ಮೆಚ್ಚಿದರು. ಕಾಳಗದ ಭಾಗ ಸಪ್ಪೆ, ಮುಕ್ತಾಯ ಹಠಾತ್ತು ಎಂದು ಆಕ್ಷೇಪಿಸಿದರು. ಆದರೂ ಕೆಲವೇ ಗಂಟೆಗಳಲ್ಲಿ ಮುಗಿದು, ಕಥೆಯೊಂದನ್ನು ಮನಸ್ಸಿನಲ್ಲಿ ಉಳಿಸುವುದು ಅದರ ಗುಣ. ಹಳೇಬೀಡಿನ ಭಿತ್ತಿಗಳ ಮೇಲೆ ಇಂತಹ ಆಟಕ್ಕೆ ಒದಗುವ ಕಥೆಗಳು ಸಾಲುಸಾಲಾಗಿ ಕಾದಿವೆ.

'ಪಬ್‌ಜಿ'ಯಲ್ಲಿ ನೂರು ಮಂದಿ ದ್ವೀಪವೊಂದಕ್ಕೆ ಇಳಿದು ಪರಸ್ಪರ ಕೊಲ್ಲುತ್ತಾರೆ; ಕಡೆಗೆ ಉಳಿದವರು ವಿಜಯಿಗಳು. ಜಾಗರೂಕತೆ, ಸಂಗಡಿಗರೊಡನೆ ಹೊಂದಾಣಿಕೆ ಬೇಕೆಂಬುದು ನಿಜ. ಆದರೆ ವಧೆಯೇ ಅಭ್ಯಾಸ. ಒಂದು ಪಂದ್ಯ ಮುಗಿಯುವಷ್ಟರಲ್ಲಿ ಮತ್ತೊಂದು ಕರೆಯುತ್ತದೆ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರವು ಇದನ್ನು ನಿಷೇಧಿಸಿದುದು ದೇಶದ ಭದ್ರತೆಯ ಕಾರಣದಿಂದಲೇ ಹೊರತು ಬಾಲಕರ ಹಿತಚಿಂತನೆಯಿಂದಲ್ಲ. 2021ರಲ್ಲಿ ಅದು ಬೇರೆ ಹೆಸರಿನಿಂದ ಮರಳಿತು.

ಹಣವನ್ನು ಪಣವಿಡುವ ರಮ್ಮಿ ಮೊದಲಾದವು ಆಟದ ವೇಷ ತೊಟ್ಟ ದ್ಯೂತ. ಸೋತವನು ಸೋತುದನ್ನು ಮರಳಿ ಪಡೆಯಲೆಂದೇ ಮತ್ತೆ ಆಡುತ್ತಾನೆ. ಧರ್ಮರಾಯನು ತಮ್ಮಂದಿರನ್ನೂ ತನ್ನನ್ನೂ ಕಡೆಗೆ ದ್ರೌಪದಿಯನ್ನೂ ಒಡ್ಡಿದುದು ಹೀಗೆಯೇ. ಇಂತಹವನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧದ ಶಾಸನವನ್ನು ಅಂಗೀಕರಿಸಿತು.

ಶಾಸನವು ಮಾಡಬಹುದಾದುದು ಇಷ್ಟೇ. ಉಳಿದುದು ಮನೆಯ ಮತ್ತು ಶಾಲೆಯ ಹೊಣೆ. ಇಂತಹ ವ್ಯಸನಕ್ಕೊಳಗಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿತ್ತು. ಅಲ್ಲಿಯವರೆಗೆ ಹೋಗುವ ಮುನ್ನ ಉಪಾಧ್ಯಾಯರು ಮಾಡಬಹುದಾದ ಕೆಲಸವೊಂದುಂಟು. ಫೋನನ್ನು ಕಸಿದುಕೊಂಡರೆ ವಿದ್ಯಾರ್ಥಿಯು ಮರೆಯಲ್ಲಿ ಆಡುವನು. ಅದರ ಬದಲು, ತಾನಾಡುವ ಆಟದ ಗುಣದೋಷಗಳನ್ನು ಮೇಲಿನ ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಅವನಿಂದಲೇ ಒಂದು ಪುಟ ಬರೆಯಿಸುವುದು ಲೇಸು. ತನ್ನ ಆಟವನ್ನು ತಾನೇ ತೂಗಿ ನೋಡಬಲ್ಲ ಬಾಲಕನು ಅದನ್ನು ನಿಲ್ಲಿಸುವುದನ್ನೂ ಕಲಿತಾನು.