ಅಧಿಕಾರವಿಲ್ಲದ ಅರಸರ ರಂಗಮಹಲು

ಮೈಸೂರಿನ ಜಗನ್ಮೋಹನ ಅರಮನೆಗೆ ಬಂದವರು ಮೊದಲು ಹುಡುಕುವುದು ಹಲ್ದಂಕರರು ಬರೆದ, ದೀಪ ಹಿಡಿದ ಹೆಂಗಸಿನ ಚಿತ್ರವನ್ನು. ಆಮೇಲೆ ಗಂಟೆಗೊಮ್ಮೆ ಪುಟಾಣಿ ಸಿಪಾಯಿಗಳು ಕವಾಯತು ಮಾಡುವ ಫ್ರೆಂಚ್ ಗಡಿಯಾರ, ಅದಾದಮೇಲೆ ರವಿವರ್ಮನ ಚಿತ್ರಗಳು. ರಂಗಮಹಲಿನ ತನಕ ಹತ್ತುವ ಹೊತ್ತಿಗೆ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಕಾಲುನೋವು. ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿ ಇಳಿದುಬಿಡುತ್ತಾರೆ.

ಆ ಗೋಡೆಗಳ ಮೇಲೆ ಒಂದು ಕಡೆ ದಸರಾ ಮೆರವಣಿಗೆ: ಆನೆ, ಕುದುರೆ, ಕಾಲಾಳು, ಎಲ್ಲರೂ ಸಾಲು ತಪ್ಪದೆ ನಡೆಯುತ್ತಿದ್ದಾರೆ. ಇನ್ನೊಂದು ಕಡೆ ಅರಳಿದ ಕಮಲ, ಸಂತಾನಾಂಬುಜ. ಅದರ ದಳಗಳಲ್ಲಿ ಒಡೆಯರ ವಂಶಾವಳಿ. ಮತ್ತೆ, ಅರಮನೆಯ ಗೋಡೆಯಲ್ಲಿ ಯಾರೂ ನಿರೀಕ್ಷಿಸದ ವಸ್ತು: ಆಟದ ಹಾಸುಗಳು. ನೆಲದ ಮೇಲೆ ಬಿಡಿಸಿ ಸುತ್ತ ಕೂರಬೇಕಾದ ಮನೆಗಳು ಇಲ್ಲಿ ಗೋಡೆಗೇರಿ ನಿಂತಿವೆ.

ಬರೆಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ, ಐದರ ಪ್ರಾಯದಲ್ಲಿ ಪಟ್ಟಕ್ಕೆ ಬಂದವರು. ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು, ವರ್ಷಕ್ಕೆ 1 ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು ಗೊತ್ತುಮಾಡಿದರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷ ಅವರು ಹೆಸರಿಗೆ ದೊರೆ. ಈ ಅರಮನೆ ಕಟ್ಟಿಸಿದ್ದೂ ಆ ಅವಧಿಯಲ್ಲೇ, 1861ರಲ್ಲಿ. ಇತಿಹಾಸಕಾರರು ಬಹುಕಾಲ ಅವರ ಸಾಲ, ದತ್ತು, ಅರ್ಜಿಗಳ ಕಡತ ಬಿಚ್ಚಿ ಕೂತರು. ಸಾಹಿತ್ಯ ಚರಿತ್ರೆಯವರು ಆಶ್ರಯದಾತ ಎಂದು ನಾಲ್ಕು ಸಾಲು ಬರೆದು ಮುಂದೆ ಹೋದರು. ಚಿತ್ರ, ಆಟ, ಆಸನ? ಅವು ಕೆಲಸವಿಲ್ಲದ ದೊರೆಯ ಹೊತ್ತುಗಳೆತ.

ಆ ಹೊತ್ತುಗಳೆತದ ಫಲ 'ಶ್ರೀತತ್ತ್ವನಿಧಿ' ಎಂಬ ಗ್ರಂಥ. ಒಂಬತ್ತು ಭಾಗ, ಒಂದೊಂದೂ ಒಂದು ನಿಧಿ. ಶಕ್ತಿ, ವಿಷ್ಣು, ಶಿವರಿಂದ ಹಿಡಿದು ಗ್ರಹಗಳವರೆಗೆ ದೇವತೆಗಳ ರೂಪಲಕ್ಷಣ, ಚಿತ್ರಸಮೇತ. ಕೊನೆಯದು ಕೌತುಕನಿಧಿ. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಒಬ್ಬ ಯೋಗಿ ಕಾಲು ಮಡಿಸಿ ಕೂತಿದ್ದಾನೆ, ಸರಿ. ಮತ್ತೊಬ್ಬ ಹಗ್ಗ ಹಿಡಿದು ನೇತಾಡುತ್ತಿದ್ದಾನೆ! ಪತಂಜಲಿಯನ್ನು ಓದಿಕೊಂಡವರಿಗೆ ಈ ಹಗ್ಗ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಸಂಸ್ಕೃತವನ್ನೂ ಯೋಗವನ್ನೂ ಬಲ್ಲ ಕೆನಡಾದ ನಾರ್ಮನ್ ಶೋಮನ್ 1996ರಲ್ಲಿ ಈ ಭಾಗವನ್ನು ಪ್ರಕಟಿಸಿ, ಇದಕ್ಕೂ ಗರಡಿಮನೆಯ ಸಾಮಿಗೂ ನಂಟಿದೆ ಎಂದರು. ಇದೇ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಪುಸ್ತಕದ ಆಕರಗಳಲ್ಲೂ ಶ್ರೀತತ್ತ್ವನಿಧಿಯ ಹೆಸರಿದೆ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಮುಂದೆ ಜೇಸನ್ ಬರ್ಚ್ ಮತ್ತು ಮಾರ್ಕ್ ಸಿಂಗಲ್ಟನ್ ಪುಣೆಯ 'ಹಠಾಭ್ಯಾಸಪದ್ಧತಿ' ಎಂಬ ಹಸ್ತಪ್ರತಿಯ ಪಕ್ಕದಲ್ಲಿ ಮೈಸೂರಿನ ಚಿತ್ರಗಳನ್ನಿಟ್ಟು ನೋಡಿದರು. ಹಗ್ಗದ ಆಸನಗಳು ಅಲ್ಲೂ ಇದ್ದವು. ಜಟ್ಟಿಗಳ ಅಖಾಡ, ಹಠಯೋಗಿಯ ಮಠ, ಅರಮನೆಯ ಚಿತ್ರಶಾಲೆ ಮೂರೂ ಒಂದೇ ಕಣ್ಣಿಗೆ ಬಿದ್ದದ್ದು ಆಗ.

ಇಸ್ಪೀಟಿನದು ಬೇರೆಯೇ ಕಥೆ. ಕೌತುಕನಿಧಿಯ 'ಛದ' ಆಟಗಳಲ್ಲಿ ಒಂದು ಕಟ್ಟಿಗೆ 360 ಎಲೆಗಳಿರುವುದೂ ಉಂಟು. ಕೈಯಲ್ಲಿ ಹೇಗೆ ಹಿಡಿದರೋ, ದೇವರೇ ಬಲ್ಲ. ಆ ಆಟಗಳ ಒಗಟು ಬಿಡಿಸಿದವರು ಇತಿಹಾಸದ ಪ್ರಾಧ್ಯಾಪಕರಲ್ಲ, ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಕಲಾವಿಮರ್ಶಕ ರುಡಾಲ್ಫ್ ವಾನ್ ಲೈಡನ್. ಅವರು ಓದಿದ್ದು ಭೂವಿಜ್ಞಾನ! ಚದುರಂಗದ ಕುದುರೆಯನ್ನು ಒಂದು ಮನೆಗೆ ಒಂದೇ ಸಲದಂತೆ 64 ಮನೆಗಳಲ್ಲೂ ನಡೆಸುವ ದೊರೆಯ ಲೆಕ್ಕಗಳು ಗಣಿತದವರ ಪಾಲಾದವು. ಇತ್ತ ಇತಿಹಾಸದ ಜಾನಕಿ ನಾಯರ್ ಗೋಡೆಚಿತ್ರಗಳನ್ನೇ ದಾಖಲೆಯಾಗಿ ಓದಿದರೆ, ಮಾನವಶಾಸ್ತ್ರದ ಅಯಾ ಇಕೆಗಾಮೆ ಅರಮನೆಯ ನೆಂಟಸ್ತನ, ಮಠ, ದಸರೆಯ ಹಿಂದೆ ಹೋದರು. ಬ್ರಿಟಿಷ್ ಕಮಿಷನರ್ ಸಾಹೇಬರ ವರದಿಯಲ್ಲಿ ದುಂದುಗಾರನಾಗಿ ಮುಗಿದುಹೋಗಿದ್ದ ಮನುಷ್ಯ, ಕಂದಾಯ ಕೈತಪ್ಪಿದ ಮೇಲೆ ತನ್ನ ಲೋಕವನ್ನು ಗೋಡೆ, ಎಲೆ, ಪುಸ್ತಕಗಳಲ್ಲಿ ಮತ್ತೆ ಜೋಡಿಸಿಕೊಂಡ ದೊರೆಯಾಗಿ ಕಾಣುವುದು ಇವರೆಲ್ಲರನ್ನೂ ಒಟ್ಟಿಗೆ ಓದಿದಾಗ ಮಾತ್ರ.

ಒಟ್ಟಿಗೆ ಓದುವುದು ನಮ್ಮಲ್ಲಿ ಸುಲಭವಲ್ಲ. ಇಂಥ ದೊರೆಯ ಮೇಲೆ ಪಿಎಚ್.ಡಿ. ಮಾಡಬೇಕೆಂದರೆ ಮೊದಲು ವಿಭಾಗದ ಹೆಸರು ತುಂಬಬೇಕು: ಇತಿಹಾಸವೋ, ಸಂಸ್ಕೃತವೋ, ಲಲಿತಕಲೆಯೋ. ಅರ್ಜಿಯಲ್ಲಿ ಒಂದಕ್ಕಷ್ಟೇ ಜಾಗ.