ಅದ್ಭುತಕಥೆಗಳಲ್ಲಿ ಪುನರುಕ್ತಿ

ಹೇಳಿದುದನ್ನೇ ಮತ್ತೆ ಹೇಳುವುದನ್ನು ಆಲಂಕಾರಿಕರು ದೋಷಗಳಲ್ಲಿ ಎಣಿಸಿರುವರು. ಆದರೆ ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಇದಕ್ಕೊಂದು ಅಪವಾದವನ್ನು ವಿಧಿಸಿರುವನು. ಅನುಕಂಪವೇ ಮೊದಲಾದುವುಗಳ ಅತಿಶಯವನ್ನು ತಿಳಿಸಬೇಕಾದಲ್ಲಿ ಪುನರುಕ್ತಿಯು ದೋಷವಲ್ಲ, ಅಲಂಕಾರವೇ ಆಗುವುದೆಂಬುದು ಅವನ ಮತ. ಅವನ ವಿಚಾರವು ಉಕ್ತಿಗೆ ಸಂಬಂಧಿಸಿದುದು. ಅದು ಕಥೆಯ ಘಟನೆಗಳಿಗೂ ಸಲ್ಲುವುದೆ? ಮಹಾಕಾವ್ಯದ ಹರವುಳ್ಳ ಆಧುನಿಕ ಅದ್ಭುತಕಥೆಗಳಲ್ಲಿ ಅವೇ ಆಶಯಗಳು ಮರಳಿ ಮರಳಿ ಬರುವುವೆಂದೂ, ಇದು ಕಲ್ಪನೆಯ ದಾರಿದ್ರ್ಯವೆಂದೂ ಆಕ್ಷೇಪವಿರುವುದರಿಂದ ಈ ಪ್ರಶ್ನೆಯು ವಿಚಾರಾರ್ಹವಾಗಿದೆ.

ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ (1892–1973) ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಕಥೆಯು 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರ ಪೂರ್ವಯುಗಗಳ ವೃತ್ತಾಂತವಾದ 'ದಿ ಸಿಲ್ಮರಿಲಿಯನ್' 1977ರಲ್ಲಿ ಅವರ ಮಗ ಕ್ರಿಸ್ಟೋಫರ್ ಅವರ ಸಂಪಾದನೆಯಲ್ಲಿ ಹೊರಬಂದಿತು. ಇವೆರಡನ್ನೂ ಕೂಡಿಸಿ ಓದಿದರೆ ಪುನರಾವೃತ್ತಿಯ ಕ್ರಮವು ಸ್ಪಷ್ಟವಾಗುವುದು.

ಮೊದಲನೆಯದು ಬೆಳಕಿನ ಆಶಯ. ಎರಡು ದಿವ್ಯವೃಕ್ಷಗಳ ಕಾಂತಿಯು ಸಿಲ್ಮರಿಲ್ ಎಂಬ ಮಣಿಗಳಲ್ಲಿ ಉಳಿಯಿತು. ಅವುಗಳಲ್ಲೊಂದು ಎಯಾರೆಂಡಿಲನೊಡನೆ ಆಕಾಶವನ್ನು ಸೇರಿ ನಕ್ಷತ್ರವಾಯಿತು. ಆ ನಕ್ಷತ್ರದ ಬೆಳಕನ್ನು ಗಲಾಡ್ರಿಯಲ್ ಒಂದು ಸಣ್ಣ ಸೀಸೆಯಲ್ಲಿ ಹಿಡಿದು ಫ್ರೋಡೊವಿಗೆ ಕೊಟ್ಟಳು. ಆವೃತ್ತಿಯಿಂದ ಆವೃತ್ತಿಗೆ ಬೆಳಕು ಕಿರಿದಾಗುತ್ತದೆ. ಅದನ್ನು ಹೊರುವವನೂ ಕಿರಿಯನಾಗುತ್ತಾನೆ. ಪ್ರಾಚೀನರ ಕಥೆಯು ಮುಗಿದಿಲ್ಲವೆಂದೂ, ತಾವೂ ಅದರೊಳಗಿರುವೆವೆಂದೂ ಫ್ರೋಡೊವಿನ ಸೇವಕನಾದ ಸ್ಯಾಮನಿಗೆ ಹೊಳೆಯುವುದು ಈ ಸೀಸೆಯ ನೆನಪಿನಿಂದಲೇ.

ಎರಡನೆಯದು ಊನವಾದ ಕೈ. ಸಿಲ್ಮರಿಲನ್ನು ಹಿಡಿದಿದ್ದ ಬೆರೆನ್ನನ ಕೈಯನ್ನು ತೋಳವು ಕಚ್ಚಿ ನುಂಗಿತು. ಇಸಿಲ್ದುರನು ಸೌರಾನನ ಬೆರಳನ್ನು ಕಡಿದು ಉಂಗುರವನ್ನು ಪಡೆದನು. ಬಳಿಯಲ್ಲಿಯೇ ಇದ್ದ ಬೆಂಕಿಗೆ ಅದನ್ನು ಹಾಕೆಂಬ ಹಿತೋಕ್ತಿಯನ್ನು ಕೇಳದೆ ಉಳಿಸಿಕೊಂಡನು. ಯುಗಾಂತರದಲ್ಲಿ ಫ್ರೋಡೊ ಅದೇ ಬೆಂಕಿಯ ಅಂಚಿನಲ್ಲಿ ನಿಂತು ಉಂಗುರವು ತನ್ನದೆಂದನು. ಹೀಗೆ ಮನುಷ್ಯಸಂಕಲ್ಪದ ಸೋಲು ಮರುಕಳಿಸುವುದು. ಆದರೂ ಈ ಸಲ ಉಂಗುರವು ನಾಶವಾಯಿತು. ಗೊಲ್ಲಮನು ಫ್ರೋಡೊವಿನ ಬೆರಳನ್ನು ಕಚ್ಚಿ ಕಿತ್ತು, ಉಂಗುರದೊಡನೆ ಬೆಂಕಿಗೆ ಬಿದ್ದನು.

ಗೊಲ್ಲಮನು ಅಲ್ಲಿಯ ತನಕ ಬದುಕಿದ್ದುದಕ್ಕೆ ಕಾರಣ ಮೂರನೆಯ ಆಶಯವಾದ ಅನುಕಂಪ. ಮೊದಲು ಬಿಲ್ಬೊ, ಅನಂತರ ಫ್ರೋಡೊ, ಕೊನೆಗೆ ಬೆಟ್ಟದ ಇಳಿಜಾರಿನಲ್ಲಿ ಕತ್ತಿಯೆತ್ತಿದ ಸ್ಯಾಮ್, ಮೂವರೂ ಅವನನ್ನು ಕೊಲ್ಲದೆ ಬಿಟ್ಟರು. ಇಲ್ಲಿ ಪಾಠಾಂತರವೊಂದು ಗಮನಾರ್ಹವಾಗಿದೆ. 'ದಿ ಹಾಬಿಟ್' ಗ್ರಂಥದ 1937ರ ಪಾಠದಲ್ಲಿ ಗೊಲ್ಲಮನು ಪಣದಲ್ಲಿ ಸೋತು, ಉಂಗುರವನ್ನೇ ಬಹುಮಾನವಾಗಿ ಕೊಡಲು ಸಿದ್ಧನಿದ್ದನು. ಅದು ಸಿಗದಿರಲು ಬಿಲ್ಬೊವಿಗೆ ದಾರಿ ತೋರಿಸಿದನು. ಅಲ್ಲಿ ಪ್ರಾಣದಾನಕ್ಕೆ ಪ್ರಸಕ್ತಿಯೇ ಇರಲಿಲ್ಲ. 1951ರ ಪರಿಷ್ಕೃತ ಮುದ್ರಣದಲ್ಲಿ ಮಾತ್ರ ಬಿಲ್ಬೊ ಕತ್ತಿ ಹಿಡಿದೂ ಮರುಗಿ ಅವನನ್ನು ಉಳಿಸುವನು. ಮುಂದಿನ ಕಥೆಗಾಗಿ ಗ್ರಂಥಕರ್ತರು ಹಿಂದಕ್ಕೆ ಹೋಗಿ ಮೊದಲ ಕೊಂಡಿಯನ್ನು ಬೆಸೆದರು. ಆದುದರಿಂದ ಈ ಆವೃತ್ತಿಯು ಕಲ್ಪನಾದಾರಿದ್ರ್ಯದಿಂದಾದುದಲ್ಲ, ಬುದ್ಧಿಪೂರ್ವಕವಾದುದು.

ಮರಳಿ ಬಂದ ಆಶಯವನ್ನು ತೆಗೆದುಹಾಕಿದರೂ ಕಥೆಯು ಹಾಗೆಯೇ ನಿಲ್ಲುವುದಾದರೆ ಅದು ದೋಷ. ಇಲ್ಲಿಯಾದರೋ ಮೂರು ಅನುಕಂಪಗಳಲ್ಲಿ ಒಂದನ್ನು ತೆಗೆದರೂ ಉಂಗುರವು ಉಳಿಯುತ್ತಿದ್ದಿತು. ದಂಡಿಯು ಉಕ್ತಿಗೆ ಹೇಳಿದ ಅಪವಾದವು ಕಥಾವಸ್ತುವಿಗೂ ಸಲ್ಲುವುದು.